ವಿಚಾರಕ್ಕೆ ಗಣಿತ ಕಟ್ಟಿದ ಜಾರ್ಜ್ ಬೂಲ್

ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ಲಿಂಕನ್ ಬಹು ಪುರಾತನವಾದ ಊರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಊರಿನಲ್ಲಿ ಪಾದರಕ್ಷೆಗಳನ್ನು ಹೊಲಿದು ಜೀವನ ಸಾಗಿಸುತ್ತಿದ್ದ ಜಾನ್ ಬೂಲ್ ಎಂಬುವನಿದ್ದನು. ಕಸುಬಿನಲ್ಲಿ ಅವನ ಕೈ ಚುರುಕಾಗಿತ್ತಾದರೂ ಮನಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಗಾಜನ್ನು ಉಜ್ಜಿ ಮಸೂರಗಳನ್ನು ಸಿದ್ಧಪಡಿಸುವುದು, ದೂರದರ್ಶಕ ಯಂತ್ರಗಳನ್ನು ಜೋಡಿಸುವುದು, ಗಣಿತದ ಗ್ರಂಥಗಳನ್ನು ಓದುವುದು, ಇವೇ ಅವನಿಗೆ ಪ್ರಿಯವಾದ ಕೆಲಸಗಳಾಗಿದ್ದವು. ದೇವರ ಸೃಷ್ಟಿಯನ್ನು ಭಕ್ತಿಯಿಂದ ನೋಡಬಯಸುವವರು ಒಳಗೆ ಬಂದು ತನ್ನ ದೂರದರ್ಶಕದ ಮೂಲಕ ನೋಡಬಹುದೆಂದು ಅಂಗಡಿಯ ಕಿಟಕಿಯಲ್ಲಿ ಅವನು ಒಂದು ಪ್ರಕಟಣೆಯನ್ನು ತೂಗುಹಾಕಿದ್ದನು. ಬರುವ ಗಿರಾಕಿ ಪಾದರಕ್ಷೆಯನ್ನು ಕೊಳ್ಳುವುದಕ್ಕಿಂತ ಚಂದ್ರನನ್ನು ನೋಡಿಹೋಗುವುದೇ ಅವನಿಗೆ ಹೆಚ್ಚು ಸಂತೋಷವನ್ನು ಕೊಡುತ್ತಿತ್ತೆಂದು ತೋರುತ್ತದೆ. ಇಂತಹ ಅಂಗಡಿ ಬಹುಕಾಲ ನಡೆಯುವುದು ಕಷ್ಟ.

ಈ ಮನೆಯಲ್ಲಿ 1815ನೆಯ ನವೆಂಬರ್ 2ರಂದು ಜಾರ್ಜ್ ಬೂಲ್ ಜನಿಸಿದನು. ನಾಲ್ವರು ಮಕ್ಕಳಲ್ಲಿ ಅವನೇ ಹಿರಿಯ. ಗಣಿತದ ಮೊದಲ ಪಾಠಗಳು ತಂದೆಯಿಂದಲೇ ಆದವು. ಲ್ಯಾಟಿನ್ ಭಾಷೆಯನ್ನು ಊರಿನ ಪುಸ್ತಕ ವ್ಯಾಪಾರಿಯೊಬ್ಬನು ಹೇಳಿಕೊಟ್ಟನು. ಗ್ರೀಕನ್ನು ಹುಡುಗನು ಯಾರ ನೆರವೂ ಇಲ್ಲದೆ ತಾನೇ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಪ್ರಾಚೀನ ಗ್ರೀಕ್ ಕವಿ ಮೆಲಿಯಾಗರನ ಒಂದು ಕವಿತೆಯನ್ನು ಇಂಗ್ಲಿಷಿಗೆ ಭಾಷಾಂತರಿಸಿದನು. ಮಗನ ಮೇಲಿನ ಅಭಿಮಾನದಿಂದ ತಂದೆ ಅದನ್ನು ಊರಿನ ಪತ್ರಿಕೆಗೆ ಕೊಟ್ಟನು. ಅದು ಅಚ್ಚಾದೊಡನೆ, ಅಷ್ಟು ಚಿಕ್ಕ ವಯಸ್ಸಿನವನು ಇದನ್ನು ಬರೆದಿರಲಾರನೆಂದು ಉಪಾಧ್ಯಾಯನೊಬ್ಬನು ಅದೇ ಪತ್ರಿಕೆಗೆ ಆಕ್ಷೇಪಣೆಯ ಪತ್ರ ಬರೆದನು.

ಮುಂದೆ ಧರ್ಮಬೋಧಕನಾಗಬೇಕೆಂಬುದು ಬಾಲಕನ ಹಂಬಲವಾಗಿತ್ತು. ಆದರೆ ತಂದೆಯ ವ್ಯಾಪಾರ ಮುರಿದುಬಿದ್ದಿತು. 1831ರಲ್ಲಿ, ಹದಿನಾರು ತುಂಬುವುದರೊಳಗೆ, ತಂದೆ ತಾಯಿ, ಒಬ್ಬ ತಂಗಿ ಮತ್ತು ಇಬ್ಬರು ತಮ್ಮಂದಿರ ಪೋಷಣೆಯ ಭಾರ ಅವನ ಮೇಲೆ ಬಿದ್ದಿತು. ಡಾನ್‌ಕಾಸ್ಟರ್ ಎಂಬ ಊರಿನ ಒಂದು ಶಾಲೆಯಲ್ಲಿ ಅವನು ಸಹಾಯಕ ಉಪಾಧ್ಯಾಯನಾಗಿ ಸೇರಿದನು. ಅಂದಿನಿಂದ ಹದಿನೆಂಟು ವರ್ಷಗಳ ಕಾಲ ಶಾಲಾ ಉಪಾಧ್ಯಾಯ ವೃತ್ತಿಯೇ ಅವನ ಜೀವನಾಧಾರವಾಯಿತು.

ಬರುತ್ತಿದ್ದ ಸಂಬಳದಲ್ಲಿ ಬಹುಪಾಲು ಮನೆಗೆ ಹೋಗುತ್ತಿದ್ದುದರಿಂದ ಪುಸ್ತಕ ಕೊಳ್ಳಲು ಉಳಿಯುತ್ತಿದ್ದ ಹಣ ಅತ್ಯಲ್ಪ. ಕಥೆ ಕಾವ್ಯಗಳ ಪುಸ್ತಕವನ್ನು ಕೊಂಡರೆ ಕೆಲವೇ ದಿನಗಳಲ್ಲಿ ಓದಿ ಮುಗಿದುಹೋಗುತ್ತದೆ. ಗಣಿತದ ಪುಸ್ತಕವಾದರೋ ತಿಂಗಳುಗಟ್ಟಲೆ ಬಾಳುತ್ತದೆ. ಹೀಗೆ ಲೆಕ್ಕ ಹಾಕಿ ಬೂಲನು ಫ್ರೆಂಚ್ ಗಣಿತಜ್ಞ ಲಾಕ್ರೊವಾನ ಕಲನಶಾಸ್ತ್ರದ ಗ್ರಂಥವನ್ನು ಕೊಂಡನಂತೆ. ಬಡತನವೇ ಅವನನ್ನು ಗಣಿತದ ಕಡೆಗೆ ತಿರುಗಿಸಿತೆಂದು ಹೇಳಿದರೆ ತಪ್ಪಾಗಲಾರದು. ಡಾನ್‌ಕಾಸ್ಟರಿನಲ್ಲಿದ್ದಾಗಲೇ, 1833ರ ಆರಂಭದಲ್ಲಿ, ಒಂದು ದಿನ ಹೊಲವೊಂದನ್ನು ದಾಟಿ ನಡೆದುಹೋಗುತ್ತಿರುವಾಗ ಅವನ ಮನಸ್ಸಿನಲ್ಲಿ ಒಂದು ವಿಚಾರ ಥಟ್ಟನೆ ಹೊಳೆಯಿತು. ಸಂಖ್ಯೆಗಳ ಸಂಬಂಧವನ್ನು ಅಕ್ಷರಗಳಿಂದ ಬರೆದು ಬಿಡಿಸುವಂತೆ ಮನುಷ್ಯನು ಮಾಡುವ ತರ್ಕವನ್ನೂ ಅಕ್ಷರಗಳಿಂದ ಬರೆದು ಬಿಡಿಸಲು ಏಕೆ ಸಾಧ್ಯವಾಗಬಾರದು? ಆಗ ಅವನಿಗೆ ಹದಿನೇಳು ವರ್ಷ. ಆ ಹೊಳಹು ಪುಸ್ತಕರೂಪ ತಾಳುವುದಕ್ಕೆ ಹದಿನಾಲ್ಕು ವರ್ಷಗಳು ಬೇಕಾದವು.

1834ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೂಲನು ಲಿಂಕನ್ನಿಗೆ ಹಿಂದಿರುಗಿ ತನ್ನದೇ ಆದ ಶಾಲೆಯೊಂದನ್ನು ತೆರೆದನು. ಹಗಲೆಲ್ಲ ಮಕ್ಕಳಿಗೆ ಪಾಠ. ರಾತ್ರಿ ಊರಿನ ಕುಶಲಕರ್ಮಿಗಳ ಸಂಸ್ಥೆಯಿಂದ ತಂದ ನ್ಯೂಟನ್, ಲಗ್ರಾಂಜ್, ಲಾಪ್ಲಾಸರ ಗ್ರಂಥಗಳ ವ್ಯಾಸಂಗ. ಗುರುವಿಲ್ಲದ ಓದಿನಲ್ಲಿ ಎಷ್ಟೋ ಕಾಲ ವ್ಯರ್ಥವಾಯಿತೆಂಬ ಕೊರಗು ಅವನಿಗಿತ್ತು. ಆದರೂ 1841ರ ವೇಳೆಗೆ ಕೇಂಬ್ರಿಜ್ಜಿನ ಗಣಿತ ಪತ್ರಿಕೆಯಲ್ಲಿ ಅವನ ಲೇಖನಗಳು ಪ್ರಕಟವಾಗತೊಡಗಿದವು. ಪತ್ರಿಕೆಯ ಸಂಪಾದಕ ಡಂಕನ್ ಗ್ರೆಗರಿ ಅವನ ಪ್ರತಿಭೆಯನ್ನು ಗುರುತಿಸಿದನು. ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿ ಪದವಿ ಪಡೆಯುವ ಮಾತೂ ಬಂದಿತು. ಶಾಲೆಯನ್ನು ಮುಚ್ಚಿದರೆ ವೃದ್ಧರಾದ ತಂದೆ ತಾಯಿಗಳ ಗತಿಯೇನು? ಬೂಲನು ಆ ಆಸೆಯನ್ನು ಬಿಟ್ಟುಕೊಟ್ಟನು. ಪದವಿಯ ಪರೀಕ್ಷೆಗೆ ಅವನು ಎಂದೂ ಕುಳಿತುಕೊಳ್ಳಲಿಲ್ಲ.

1844ರಲ್ಲಿ ಅವನು ಒಂದು ದೀರ್ಘ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು. ಹೆಸರು ಕೇಳದ ಹಳ್ಳಿಗಾಡಿನ ಉಪಾಧ್ಯಾಯನ ಬರಹಕ್ಕೆ ಅಲ್ಲಿ ಮೊದಲು ಅಷ್ಟೇನೂ ಆದರ ದೊರೆಯಲಿಲ್ಲ. ಕೊನೆಗೆ ಅದು ಪ್ರಕಟವಾದುದು ಮಾತ್ರವಲ್ಲದೆ ಆ ವರ್ಷದ ಸುವರ್ಣ ಪದಕವೂ ಅದಕ್ಕೇ ಸಂದಿತು.

ಬೂಲನು ಕೈಹಾಕಿದ ಕೆಲಸದ ಮಹತ್ವ ತಿಳಿಯಬೇಕಾದರೆ ತರ್ಕಶಾಸ್ತ್ರದ ಅಂದಿನ ಸ್ಥಿತಿಯನ್ನು ನೆನೆಯಬೇಕು. ಗ್ರೀಸ್ ದೇಶದ ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆ ಹಾಕಿಕೊಟ್ಟ ಚೌಕಟ್ಟಿನಲ್ಲಿಯೇ ಯೂರೋಪಿನ ತರ್ಕಶಾಸ್ತ್ರ ನಿಂತಿದ್ದಿತು. ಅದನ್ನು ತತ್ತ್ವಜ್ಞಾನಿಗಳ ಸ್ವತ್ತೆಂದು ಭಾವಿಸಲಾಗಿತ್ತೇ ಹೊರತು ಗಣಿತಜ್ಞನಿಗೆ ಅಲ್ಲಿ ಪ್ರವೇಶವಿರಲಿಲ್ಲ. 1847ರ ಸುಮಾರಿಗೆ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ವಿಲಿಯಂ ಹ್ಯಾಮಿಲ್ಟನ್ನನಿಗೂ ಬೂಲನ ಮಿತ್ರ ಗಣಿತಜ್ಞ ಡಿ ಮಾರ್ಗನ್ನನಿಗೂ ತರ್ಕಶಾಸ್ತ್ರದ ಒಂದು ವಿಷಯದಲ್ಲಿ ಬಿರುಸಾದ ವಾಗ್ವಾದ ನಡೆಯಿತು. ಇದು ಬೂಲನ ಹಳೆಯ ಹೊಳಹನ್ನು ಕೆದಕಿತು. ಕೆಲವೇ ವಾರಗಳಲ್ಲಿ ಅವನು ತರ್ಕದ ಗಣಿತೀಯ ವಿಶ್ಲೇಷಣೆಯನ್ನು ಕುರಿತ ಒಂದು ಚಿಕ್ಕ ಪುಸ್ತಕವನ್ನು ಬರೆದು ಅದೇ ವರ್ಷ ಪ್ರಕಟಿಸಿದನು.

ಬೂಲನ ವಿಧಾನ ಸರಳವಾದುದು. ಜಗತ್ತಿನ ಸಮಸ್ತ ವಸ್ತುಗಳ ರಾಶಿಯಿಂದ ಬಿಳಿಯವನ್ನು ಮಾತ್ರ ಆರಿಸಿಕೊಳ್ಳುವ ಕ್ರಿಯೆಗೆ ‘ಅ’ ಎಂದು ಹೆಸರಿಡೋಣ. ಹಸುಗಳನ್ನು ಮಾತ್ರ ಆರಿಸಿಕೊಳ್ಳುವುದಕ್ಕೆ ‘ಬ’ ಎನ್ನೋಣ. ಒಂದಾದ ಮೇಲೊಂದು ಆರಿಸಿದರೆ ದೊರೆಯುವುದು ಬಿಳಿಯ ಹಸುಗಳು. ಇದನ್ನು ಅ × ಬ ಎಂದು ಬರೆಯಬಹುದು. ಮೊದಲು ಹಸುಗಳನ್ನು ಆರಿಸಿ ಅನಂತರ ಬಿಳಿಯವನ್ನು ತೆಗೆದರೂ ಫಲ ಅದೇ; ಆದುದರಿಂದ ಅ × ಬ = ಬ × ಅ. ಇಲ್ಲಿಯವರೆಗೆ ಇದು ಶಾಲೆಯ ಬೀಜಗಣಿತವೇ. ಆದರೆ ಬಿಳಿಯವನ್ನು ಆರಿಸಿದ ಮೇಲೆ ಮತ್ತೊಮ್ಮೆ ಬಿಳಿಯವನ್ನೇ ಆರಿಸಿದರೆ ಹೊಸದೇನೂ ಆಗುವುದಿಲ್ಲ. ಅಂದರೆ ಅ × ಅ = ಅ. ಸಾಮಾನ್ಯ ಬೀಜಗಣಿತದಲ್ಲಿ ಈ ಸಮೀಕರಣಕ್ಕೆ ಎರಡೇ ಉತ್ತರಗಳು: 0 ಮತ್ತು 1. ಬೂಲನು ಅಲ್ಲಿ ತಡೆದು ನಿಂತನು. ಏನೂ ಇಲ್ಲದ ವರ್ಗಕ್ಕೆ 0 ಎಂದೂ ಎಲ್ಲವೂ ಇರುವ ವರ್ಗಕ್ಕೆ 1 ಎಂದೂ ಅವನು ಅರ್ಥ ಕಲ್ಪಿಸಿದನು. ಹಾಗಾದರೆ 1 − ಅ ಎಂಬುದು ಬಿಳಿಯಲ್ಲದ ವಸ್ತುಗಳ ವರ್ಗವಾಗುತ್ತದೆ. ಅ × (1 − ಅ) = 0 ಎಂದರೆ ಬಿಳಿಯೂ ಹೌದು ಬಿಳಿಯಲ್ಲದ್ದೂ ಹೌದು ಎನ್ನುವ ವಸ್ತು ಯಾವುದೂ ಇಲ್ಲ. ಅರಿಸ್ಟಾಟಲನು ಮೂಲತತ್ತ್ವವೆಂದು ಮುಂದಿಟ್ಟಿದ್ದ ನಿಯಮ ಬೂಲನ ಬೀಜಗಣಿತದಲ್ಲಿ ಒಂದೇ ಸಾಲಿನ ಫಲಿತವಾಗಿ ಬಂದಿತು.

ಭಾರತೀಯ ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆಯನ್ನು ಇದೇ ರೀತಿಯಲ್ಲಿ ಬರೆದು ನೋಡಬಹುದು. ಹೊಗೆಯಿರುವ ಸ್ಥಳಗಳೆಲ್ಲವೂ ಬೆಂಕಿಯಿರುವ ಸ್ಥಳಗಳು. ಆ ಪರ್ವತದ ಮೇಲೆ ಹೊಗೆಯಿದೆ. ಆದುದರಿಂದ ಅಲ್ಲಿ ಬೆಂಕಿಯಿದೆ. ಹೊಗೆಯ ಸ್ಥಳಗಳಿಗೆ ಹ, ಬೆಂಕಿಯ ಸ್ಥಳಗಳಿಗೆ ಬ, ಪರ್ವತಕ್ಕೆ ಪ ಎಂದಿಟ್ಟುಕೊಂಡರೆ, ಮೊದಲನೆಯ ಮಾತು ಹ = ಹ × ಬ; ಎರಡನೆಯದು ಪ = ಪ × ಹ. ಎರಡನೆಯದರಲ್ಲಿ ಹ ಇರುವಲ್ಲಿ ಹ × ಬ ಎಂದು ಹಾಕಿದರೆ ಪ = ಪ × ಹ × ಬ. ಪ × ಹ ಎಂಬುದು ಪ ಗೆ ಸಮವಷ್ಟೆ. ಆದುದರಿಂದ ಪ = ಪ × ಬ. ಪರ್ವತದ ಮೇಲೆ ಬೆಂಕಿಯಿದೆಯೆಂಬ ನಿರ್ಣಯ, ಹೊಗೆ ಬೆಂಕಿಗಳ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳದೆಯೇ, ಕೇವಲ ಅಕ್ಷರಗಳ ಬದಲಾವಣೆಯಿಂದ ಸಿದ್ಧಿಸಿತು. ಅರ್ಥವನ್ನು ಬದಿಗಿಟ್ಟು ಮಾಡಬಹುದಾದ ಕೆಲಸವನ್ನು ಯಂತ್ರವೂ ಮಾಡಬಲ್ಲದು ಎಂಬುದು ಆಗ ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ.

1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹೊಸದಾಗಿ ತೆರೆದ ಕ್ವೀನ್ಸ್ ಕಾಲೇಜಿಗೆ ಬೂಲನು ಗಣಿತ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಯಾವ ಪದವಿಯೂ ಇಲ್ಲದವನಿಗೆ ಆ ಸ್ಥಾನ ದೊರೆತುದು ಅಂದಿಗೂ ಅಪೂರ್ವ, ಇಂದಿಗೂ ಅಪೂರ್ವ. ಹಿಂದಿನ ವರ್ಷದ ಕೊನೆಯಲ್ಲಿ ತೀರಿಕೊಂಡಿದ್ದ ತಂದೆಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ, ಸುಮಾರು ಹತ್ತು ಲಕ್ಷ ಜನ ಹಸಿವೆಗೂ ಜ್ವರಗಳಿಗೂ ಬಲಿಯಾದ ಭೀಕರ ಕ್ಷಾಮದಿಂದ ಐರ್ಲೆಂಡ್ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಂತಹ ಊರಿನಲ್ಲಿ, ಮಳೆಯಿಂದ ಸದಾ ತೇವವಾಗಿರುವ ಬೀದಿಗಳ ನಡುವೆ, ಬೂಲನು ತನ್ನ ಮುಖ್ಯ ಗ್ರಂಥವನ್ನು ಬರೆದನು. ವಿಚಾರದ ನಿಯಮಗಳ ಅನ್ವೇಷಣೆಯೆಂಬ ಅರ್ಥದ ಹೆಸರುಳ್ಳ ಆ ಗ್ರಂಥ 1854ರಲ್ಲಿ ಹೊರಬಂದಿತು.

ಮರುವರ್ಷ ಅವನು ಮೇರಿ ಎವರೆಸ್ಟ್ ಎಂಬಾಕೆಯನ್ನು ವಿವಾಹವಾದನು. ಆಕೆ ಅವನಿಗಿಂತ ಹದಿನೇಳು ವರ್ಷ ಚಿಕ್ಕವಳು. ಅವನಲ್ಲಿಯೇ ಗಣಿತ ಕಲಿತವಳು. ಭಾರತದ ಮಹಾ ತ್ರಿಕೋನಮಿತಿ ಮೋಜಣಿಯನ್ನು ನಡೆಸಿ, 1830ರಿಂದ 1843ರವರೆಗೆ ಈ ದೇಶದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಆಕೆಯ ದೊಡ್ಡಪ್ಪ. ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಅವನ ಹೆಸರು ಅಧಿಕೃತವಾಗಿ ಬಂದುದು 1865ರಲ್ಲಿ. ತನ್ನ ದೊಡ್ಡಪ್ಪನ ಮೂಲಕ ಭಾರತೀಯ ತತ್ತ್ವವಿಚಾರಗಳು ಇಂಗ್ಲೆಂಡಿನ ಗಣಿತಜ್ಞರನ್ನು ಮುಟ್ಟಿದವೆಂದೂ ಬೂಲನ ಚಿಂತನೆಯ ಹಿಂದೆ ಅದರ ಛಾಯೆಯಿದೆಯೆಂದೂ ಮೇರಿ ವೃದ್ಧಾಪ್ಯದಲ್ಲಿ ಬರೆದಳು. ಇದು ಭಾರತೀಯರಿಗೆ ಹಿತವಾದ ಮಾತು. ಆದರೆ ಹೊಲದಲ್ಲಿ ನಡೆಯುತ್ತ ಆ ವಿಚಾರ ಹೊಳೆದಾಗ ಬೂಲನಿಗೆ ಎವರೆಸ್ಟರ ಮನೆತನದ ಪರಿಚಯವೇ ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ದಂಪತಿಗಳಿಗೆ ಐವರು ಹೆಣ್ಣುಮಕ್ಕಳಾದರು. 1857ರಲ್ಲಿ ಬೂಲನು ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದನು. ಗೌರವ ಪದವಿಗಳೂ ಬಂದವು. ಆದರೆ ಅಂದಿನ ವಿದ್ವಾಂಸರು ಅವನನ್ನು ಮನ್ನಿಸಿದುದು ಬಹುಮಟ್ಟಿಗೆ ಕಲನಶಾಸ್ತ್ರದ ಗ್ರಂಥಗಳಿಗಾಗಿ. ವಿಚಾರದ ನಿಯಮಗಳನ್ನು ಕುರಿತ ಹೊತ್ತಗೆಯನ್ನು ಕೆಲವರು ಮೆಚ್ಚಿದರೂ ಅದರಿಂದ ಏನು ಪ್ರಯೋಜನವೆಂಬುದು ಯಾರಿಗೂ ಸ್ಪಷ್ಟವಾಗಿರಲಿಲ್ಲ.

1864ನೆಯ ನವೆಂಬರ್ ತಿಂಗಳಿನ ಒಂದು ದಿನ ಬೂಲನು ಎಂದಿನಂತೆ ಮನೆಯಿಂದ ಸುಮಾರು ಮೂರು ಮೈಲಿ ದೂರದ ಕಾಲೇಜಿಗೆ ನಡೆದು ಹೊರಟನು. ದಾರಿಯಲ್ಲಿ ಮಳೆ ಜೋರಾಗಿ ಸುರಿಯಿತು. ಅವನು ಹಿಂದಿರುಗಲಿಲ್ಲ; ತರಗತಿಯನ್ನು ತಪ್ಪಿಸಲೂ ಇಲ್ಲ. ನೆನೆದ ಬಟ್ಟೆಯಲ್ಲಿಯೇ ನಿಂತು ಪಾಠ ಹೇಳಿದನು. ಚಳಿಜ್ವರ ಹತ್ತಿ ಅದು ಶ್ವಾಸಕೋಶಗಳಿಗೆ ಇಳಿಯಿತು. ಡಿಸೆಂಬರ್ 8ರಂದು ಅವನು ನಿಧನ ಹೊಂದಿದನು. ಆಗ ಅವನಿಗೆ ನಲವತ್ತೊಂಬತ್ತು ವರ್ಷ. ಕೊನೆಯ ಮಗಳು ಇನ್ನೂ ಹಾಲುಗೂಸು. ಮೇರಿ ಲಂಡನ್ನಿಗೆ ಹೋಗಿ ಮಹಿಳಾ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ನಿಂತಳು; ಮಕ್ಕಳಿಗೆ ಗಣಿತವನ್ನು ಸುಲಭವಾಗಿ ಕಲಿಸುವ ಬಗೆಯನ್ನು ಕುರಿತು ಒಳ್ಳೆಯ ಪುಸ್ತಕಗಳನ್ನೂ ಬರೆದಳು. ಹೆಣ್ಣುಮಕ್ಕಳಲ್ಲಿ ಅಲಿಷಿಯಾ ನಾಲ್ಕು ಆಯಾಮಗಳ ರೇಖಾಗಣಿತದಲ್ಲಿ ಹೆಸರು ಮಾಡಿದಳು, ಲೂಸಿ ರಸಾಯನವಿಜ್ಞಾನಿಯಾದಳು, ಎತೆಲ್ ಪ್ರಸಿದ್ಧ ಕಾದಂಬರಿಕಾರ್ತಿಯಾದಳು.

ಬೂಲನ ಬೀಜಗಣಿತ ಬಹುಕಾಲ ತರ್ಕಶಾಸ್ತ್ರಜ್ಞರ ಪುಸ್ತಕಗಳಲ್ಲಿಯೇ ಉಳಿಯಿತು. ಜೆವನ್ಸ್, ಪಿಯರ್ಸ್, ಶ್ರೋಡರ್ ಮೊದಲಾದವರು ಅದನ್ನು ತಿದ್ದಿ ಬೆಳೆಸಿದರು. 1937ರಲ್ಲಿ ಅಮೆರಿಕದ ಕ್ಲಾಡ್ ಷಾನನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯು ದೂರವಾಣಿ ವ್ಯವಸ್ಥೆಯಲ್ಲಿ ಬಳಸುವ ಸ್ವಿಚ್ಚುಗಳ ಜೋಡಣೆಗೂ ಬೂಲನ ಸಮೀಕರಣಗಳಿಗೂ ಇರುವ ಹೊಂದಿಕೆಯನ್ನು ಕಂಡುಹಿಡಿದನು. ಮುಚ್ಚಿದ ಸ್ವಿಚ್ಚು 1, ತೆರೆದ ಸ್ವಿಚ್ಚು 0 ಎಂದು ಇಟ್ಟುಕೊಂಡರೆ, ಶ್ರೇಣಿಯಲ್ಲಿ ಜೋಡಿಸಿದ ಎರಡು ಸ್ವಿಚ್ಚುಗಳು ಬೂಲನ ಗುಣಾಕಾರವನ್ನು ಮಾಡುತ್ತವೆ. ಎರಡೂ ಮುಚ್ಚಿದ್ದರೆ ಮಾತ್ರ ವಿದ್ಯುತ್ತು ಹರಿಯುತ್ತದೆ. ಗಣಕಯಂತ್ರಗಳ ಮಂಡಲಗಳೆಲ್ಲವನ್ನೂ ಈ ತತ್ತ್ವದ ಮೇಲೆಯೇ ರಚಿಸಲಾಗಿದೆ.

ಬೂಲನು ಬಿತ್ತಿದ ಬೀಜ ಇನ್ನೊಂದು ಕಡೆಯಲ್ಲಿಯೂ ಚಿಗುರಿತು. ವರ್ಗಗಳು ಒಂದರೊಳಗೊಂದು ಅಡಕವಾಗಿರುವ ಕ್ರಮವನ್ನೇ ಅಭ್ಯಾಸ ಮಾಡುವ ಗಣಿತಶಾಖೆಯೊಂದು ಬೆಳೆದು, ಅದಕ್ಕೆ ಜಾಲಕ ಸಿದ್ಧಾಂತವೆಂದು ಹೆಸರಾಯಿತು. 1940ರಲ್ಲಿ ಅಮೆರಿಕದ ಗ್ಯಾರೆಟ್ ಬರ್ಕಾಫ್ ಆ ವಿಷಯದ ಮೊದಲ ದೊಡ್ಡ ಗ್ರಂಥವನ್ನು ಬರೆದನು. ಕಾಲಕ್ರಮದಲ್ಲಿ ಅದು ಜನಜೀವನದಿಂದ ಬಹಳ ದೂರ ಸರಿಯಿತೆಂದು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಪ್ರಾಧ್ಯಾಪಕ ರುಡಾಲ್ಫ್ ವಿಲ್ಲೆ ಭಾವಿಸಿದನು. ಮನುಷ್ಯರು ದಿನನಿತ್ಯ ಬಳಸುವ ಪರಿಕಲ್ಪನೆಗಳಿಗೇ ಅದನ್ನು ಮರಳಿ ಹೊಂದಿಸಲು 1982ರಲ್ಲಿ ಅವನು ಪರಿಕಲ್ಪನಾ ಜಾಲಕವೆಂಬುದನ್ನು ಮುಂದಿಟ್ಟನು.

ಇದರ ರೀತಿಯನ್ನು ಒಂದು ಚಿಕ್ಕ ಪಟ್ಟಿಯಿಂದ ತಿಳಿಯಬಹುದು. ಕಾಗೆ, ಬಾವಲಿ, ಹಸು, ಗೆಂಡೆಮೀನು, ಉಷ್ಟ್ರಪಕ್ಷಿ ಎಂಬ ಐದು ಪ್ರಾಣಿಗಳನ್ನು ತೆಗೆದುಕೊಳ್ಳೋಣ. ಹಾರುವುದು, ಮೊಟ್ಟೆಯಿಡುವುದು, ಮರಿಗೆ ಹಾಲೂಡುವುದು, ಮೈಮೇಲೆ ಗರಿಯಿರುವುದು ಎಂಬ ನಾಲ್ಕು ಲಕ್ಷಣಗಳನ್ನು ಪರೀಕ್ಷಿಸೋಣ. ಕಾಗೆಗೆ ಹಾಲೂಡುವುದೊಂದನ್ನು ಬಿಟ್ಟು ಮೂರೂ ಉಂಟು. ಬಾವಲಿ ಹಾರುತ್ತದೆ, ಹಾಲೂಡುತ್ತದೆ. ಹಸು ಹಾಲೂಡುತ್ತದೆ; ಮೀನು ಮೊಟ್ಟೆಯಿಡುತ್ತದೆ. ಉಷ್ಟ್ರಪಕ್ಷಿಗೆ ಗರಿಯಿದೆ, ಮೊಟ್ಟೆಯಿಡುತ್ತದೆ, ಹಾರಲಾರದು. ನಾಲ್ಕು ಲಕ್ಷಣಗಳನ್ನು ಹದಿನಾರು ವಿಧವಾಗಿ ಕೂಡಿಸಬಹುದು. ಆದರೆ ಒಂದು ಗುಂಪಿನ ಪ್ರಾಣಿಗಳಿಗೆಲ್ಲ ಸಮಾನವಾದ ಲಕ್ಷಣಗಳು ಯಾವುವು, ಆ ಲಕ್ಷಣಗಳೆಲ್ಲ ಇರುವ ಪ್ರಾಣಿಗಳು ಯಾವುವು ಎಂದು ಎರಡೂ ಕಡೆಯಿಂದ ಪರೀಕ್ಷಿಸಿ, ಎರಡೂ ಒಂದಕ್ಕೊಂದು ಸರಿಹೊಂದಿದ ಜೋಡಿಗಳನ್ನು ಮಾತ್ರ ಉಳಿಸಿಕೊಂಡರೆ ಎಂಟೇ ಉಳಿಯುತ್ತವೆ. ಇಂತಹ ಒಂದೊಂದು ಜೋಡಿಯೂ ಒಂದು ಪರಿಕಲ್ಪನೆ. ಹೆಚ್ಚು ಪ್ರಾಣಿಗಳನ್ನು ಒಳಗೊಂಡದ್ದನ್ನು ಮೇಲೆ, ಕಡಿಮೆ ಪ್ರಾಣಿಗಳನ್ನು ಒಳಗೊಂಡದ್ದನ್ನು ಕೆಳಗೆ ಬರೆದು ಗೆರೆಗಳಿಂದ ಸೇರಿಸಿದರೆ ಬಲೆಯಂತಹ ಚಿತ್ರವೊಂದು ಮೂಡುತ್ತದೆ. ಅದರಲ್ಲಿ ಬಾವಲಿಯು ಹಾರುವವುಗಳ ಗಂಟಿಗೂ ಹಾಲೂಡುವವುಗಳ ಗಂಟಿಗೂ ಕೆಳಗೆ ತೂಗುತ್ತಿರುತ್ತದೆ. ಕವಲೊಡೆಯುತ್ತ ಹೋಗುವ ಮರದ ಚಿತ್ರದಲ್ಲಿ ಅದನ್ನು ಯಾವ ಕೊಂಬೆಗೆ ಸೇರಿಸಬೇಕೆಂಬ ಜಗಳ ಏಳುತ್ತದೆ. ಜಾಲಕದಲ್ಲಿ ಆ ಜಗಳವಿಲ್ಲ.

ಇಷ್ಟೇ ಅಲ್ಲ. ಈ ಚಿತ್ರದಲ್ಲಿ ಗರಿಯಿರುವವುಗಳ ಗಂಟು ಮೊಟ್ಟೆಯಿಡುವವುಗಳ ಗಂಟಿನ ಕೆಳಗೆ ಬರುತ್ತದೆ. ಗರಿಯಿರುವುದೆಲ್ಲ ಮೊಟ್ಟೆಯಿಡುತ್ತದೆ ಎಂಬ ನಿಯಮವನ್ನು ಯಾರೂ ಹೇಳಿರಲಿಲ್ಲ. ಪಟ್ಟಿಯೇ ಅದನ್ನು ಹೊರಗೆಡಹಿತು. ಬೂಲನ ರೀತಿಯಲ್ಲಿ ಇದು ಹ = ಹ × ಬ ಎಂಬ ರೂಪದ ಸಮೀಕರಣವೇ. ಬೂಲನು ನಿಯಮಗಳನ್ನು ಮೊದಲೇ ಕೈಯಲ್ಲಿಟ್ಟುಕೊಂಡು ಅವುಗಳಿಂದ ನಿರ್ಣಯಕ್ಕೆ ಹೋದನು. ಜಾಲಕವನ್ನು ಕಟ್ಟುವವರು ಕಂಡ ಸಂಗತಿಗಳಿಂದ ಹೊರಟು ಅವುಗಳಲ್ಲಿ ಹುದುಗಿರುವ ನಿಯಮಗಳನ್ನು ಅಗೆದು ತೆಗೆಯುತ್ತಾರೆ. ದತ್ತಾಂಶ ಗಣಿಗಾರಿಕೆಯೆಂಬ ಹೆಸರು ಈ ಬಗೆಯ ಕೆಲಸಕ್ಕೆ ಒಪ್ಪುತ್ತದೆ. ಲಕ್ಷಣಗಳು ಇಪ್ಪತ್ತಾದರೆ ಅವುಗಳನ್ನು ಕೂಡಿಸುವ ವಿಧಗಳು 10,48,576 ಆಗುವುದರಿಂದ ಇದು ಗಣಕಯಂತ್ರದ ನೆರವಿಲ್ಲದೆ ಆಗತಕ್ಕ ಕೆಲಸವಲ್ಲ. ಹಾಗೆ ದೊರೆತ ನಿಯಮ ಆ ಪಟ್ಟಿಯ ಮಟ್ಟಿಗೆ ಮಾತ್ರ ಸತ್ಯವೆಂಬುದನ್ನೂ ಗಮನಿಸಬೇಕು. ಪಟ್ಟಿಯಿಂದ ಉಷ್ಟ್ರಪಕ್ಷಿಯನ್ನು ಕೈಬಿಟ್ಟಿದ್ದರೆ ಗರಿಯಿರುವುದೆಲ್ಲ ಹಾರುತ್ತದೆಯೆಂಬ ತಪ್ಪು ನಿಯಮವೂ ಅಷ್ಟೇ ಗಾಂಭೀರ್ಯದಿಂದ ಹೊರಬರುತ್ತಿತ್ತು.

ಬೂಲನ ಹಿರಿಯ ಮಗಳ ವಂಶದಲ್ಲಿ ಹುಟ್ಟಿದ ಜೆಫ್ರಿ ಎವರೆಸ್ಟ್ ಹಿಂಟನ್ ಅವರು ಯಂತ್ರಗಳಿಗೆ ಕಲಿಯುವ ಶಕ್ತಿಯನ್ನು ಕೊಡುವ ಸಂಶೋಧನೆಗಾಗಿ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಇನ್ನೊಬ್ಬರೊಡನೆ ಹಂಚಿಕೊಂಡರು. ಅವರು ಹಿಡಿದುದು ತರ್ಕದ ಸಮೀಕರಣಗಳ ದಾರಿಯಲ್ಲ; ಮಿದುಳಿನ ನರಕೋಶಗಳ ಜಾಲವನ್ನು ಹೋಲುವ ಬೇರೊಂದು ದಾರಿ.

ಕಾರ್ಕ್ ನಗರದ ಅಂಚಿನ ಬ್ಲ್ಯಾಕ್‌ರಾಕ್‌ನಲ್ಲಿ ಚಿಕ್ಕದೊಂದು ಇಗರ್ಜಿಯ ಅಂಗಳದಲ್ಲಿ ಬೂಲನ ಸಮಾಧಿಯಿದೆ. ಅವನು ನೆನೆದ ಬಟ್ಟೆಯಲ್ಲಿ ಪಾಠ ಹೇಳಿದ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಅದರ ಗ್ರಂಥಾಲಯಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಪುಸ್ತಕ ಹುಡುಕುವ ವಿದ್ಯಾರ್ಥಿಯು ಗಣಕಯಂತ್ರಕ್ಕೆ ಎರಡು ಪದಗಳನ್ನು ಕೊಟ್ಟು ಎರಡೂ ಇರುವ ಗ್ರಂಥಗಳನ್ನು ಮಾತ್ರ ತೋರಿಸಬೇಕೆಂದು ಕೇಳಿದಾಗ, ಯಂತ್ರವು ಮೊದಲು ಒಂದು ವರ್ಗವನ್ನು ಆರಿಸಿ, ಅದರಿಂದ ಇನ್ನೊಂದನ್ನು ಆರಿಸಿ ಉತ್ತರ ಕೊಡುತ್ತದೆ.